ಬಾಗಿಲ ಪಕ್ಕದ ಟೂರ್ ಡೈರಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮಪ್ಪ ಇಂಗ್ಲಿಷಿನಲ್ಲಿ ಹೋಗದ ಊರಿರಲಿಲ್ಲ. ಕಾಲಿನಲ್ಲಿ ಹೋದ ಊರು ಒಂದೂ ಇರಲಿಲ್ಲ. ಅವರು ಮಧುಗಿರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಸಾಹೇಬರು ಜೀಪಿನಲ್ಲಿ ನಾಲ್ಕು ತಾಲ್ಲೂಕು ಸುತ್ತಿ ಬಂದು, ಷೂ ಬಿಚ್ಚುತ್ತ, ಎಲ್ಲೆಲ್ಲಿಗೆ ಹೋದೆ, ಎಲ್ಲಿ ಉಂಡೆ, ಎಲ್ಲಿ ತಂಗಿದೆ ಎಂಬುದನ್ನು ಕನ್ನಡದಲ್ಲಿ ಗೊಣಗುವರು. ಅಪ್ಪ ಆ ಗೊಣಗಾಟವನ್ನು ಮೇಲಿನವರು ಓದುವಂಥ ಇಂಗ್ಲಿಷಿಗೆ ಏರಿಸುವರು. ಅದಕ್ಕೆ ಟೂರ್ ಡೈರಿ ಎಂದು ಹೆಸರು. ‘ಲೆಫ್ಟ್ ಮಧುಗಿರಿ ಫಾರ್ ಶಿರಾ. ಹಾಲ್ಟೆಡ್ ಅಟ್ ಗೌಡಗೆರೆ. ಪ್ರೊಸೀಡೆಡ್ ಟು ಪಾವಗಡ. ರಿಟರ್ನ್ಡ್ ಟು ಹೆಡ್‌ಕ್ವಾರ್ಟರ್ಸ್.’ ಗೌಡಗೆರೆಯಲ್ಲಿ ಇರುವುದು ಕಡಲೆಕಾಯಿ ಹೊಲವೋ ಸಮುದ್ರವೋ ಅಪ್ಪ ಕಂಡವರಲ್ಲ. ಬಸ್ಸಿನ ಡೀಸೆಲ್ ವಾಸನೆ ಮೂಗಿಗೆ ತಾಗಿದರೆ ಸಾಕು, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಹೊರಡುತ್ತಿತ್ತು. ತಮ್ಮ ಮದುವೆಯೂ ಮಧುಗಿರಿಯಲ್ಲೇ ಆಗುವಂತೆ ನೋಡಿಕೊಂಡ ಮಹಾನುಭಾವರು ಅವರು. ಹೆಣ್ಣಿನ ಕಡೆಯವರು ಪಾವಗಡದಿಂದ ಲಾರಿ ಹತ್ತಿ ಬಂದು ಹೆಣ್ಣು ಕೊಟ್ಟು ಹೋದರಂತೆ.

ಹೋಗುವುದರಲ್ಲೂ ಮೇಲುಕೀಳು ಇದೆ ಎಂಬುದು ಅಪ್ಪನ ಸಿದ್ಧಾಂತ. ಸಾಹೇಬರಾದವರು ‘ಪ್ರೊಸೀಡ್’ ಆಗುತ್ತಾರೆ. ಗುಮಾಸ್ತ ಬರೀ ‘ಗೋ’. ಜವಾನ ತಾನಾಗಿ ಎಲ್ಲಿಗೂ ಹೋಗುವುದಿಲ್ಲ, ಅವನನ್ನು ‘ಸೆಂಡ್’ ಮಾಡಲಾಗುತ್ತದೆ. ‘ರೀಚ್’ ಎಂದು ಬರೆದು ಅದರ ಹಿಂದೆ ‘ಟು’ ಹಾಕಿದವನು ಆ ಊರನ್ನು ಜನ್ಮದಲ್ಲಿ ತಲುಪುವುದಿಲ್ಲ. ‘ಹೋಮ್’ಗೆ ಹೋಗುವವನು ‘ಟು’ ಹೊತ್ತುಕೊಂಡು ಹೋಗಬಾರದು. ಮನೆಗೆ ಹೋಗಲು ಯಾರ ಶಿಫಾರಸೂ ಬೇಡ. ‘ಅರೈವ್’ ಆಗುವವನು ದೊಡ್ಡ ಊರಾದರೆ ‘ಇನ್’, ಹೊಳವನಹಳ್ಳಿ ತೋವಿನಕೆರೆಯಂಥ ಊರಾದರೆ ‘ಅಟ್’. ಬೇರೆ ಮನೆಗಳಲ್ಲಿ ಮಕ್ಕಳು ಮಗ್ಗಿ ಹೇಳುವ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಇವು ಪಾರಾಯಣವಾಗುತ್ತಿದ್ದವು. ನಾನು ಒಬ್ಬಳೇ ಮಗಳಾದ್ದರಿಂದ ಪಾರಾಯಣದ ಪುಣ್ಯವನ್ನು ಹಂಚಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

ಮನೆ ಬೆಟ್ಟದ ಬುಡದಲ್ಲಿತ್ತು. ಮಧುಗಿರಿಯ ಬೆಟ್ಟವೆಂದರೆ ಗಿಡಮರದ ಬೆಟ್ಟವಲ್ಲ, ಒಂದೇ ಒಂದು ಬಂಡೆ. ಹಿತ್ತಿಲ ಬಾಗಿಲು ತೆರೆದರೆ ಆ ಬಂಡೆಯೇ ಎದುರಿಗೆ ಬಂದು ನಿಲ್ಲುತ್ತಿತ್ತು. ಹಗಲೆಲ್ಲ ಕಾದು ಸಂಜೆ ನಮ್ಮ ಕಡೆಗೆ ಬಿಸಿ ಉಸಿರು ಬಿಡುವುದು ಅದರ ದಿನಚರಿ. ಹೀಗಾಗಿ ಮನೆಗೆ ಹೆಸರಿಗೆ ಎರಡು ಬಾಗಿಲಿದ್ದರೂ ಹೊರಗೆ ಹೋಗಲು ಇದ್ದದ್ದು ಒಂದೇ. ಆ ಮುಂಬಾಗಿಲ ಪಕ್ಕದ ಜಗಲಿಯ ಮೇಲೆ ಅಪ್ಪನ ತಾಯಿ, ನನ್ನ ಅಜ್ಜಿ, ಕಾಲು ಚಾಚಿ ಕೂತಿರುತ್ತಿದ್ದಳು. ಅಜ್ಜಿಯದು ಒಂದು ಕಾನೂನಿತ್ತು. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಕೂಡದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ತಪ್ಪಿ ಯಾರಾದರೂ ಕೇಳಿಬಿಟ್ಟರೆ ಹೊರಟವರು ವಾಪಸು ಒಳಗೆ ಬಂದು, ಒಂದು ಲೋಟ ನೀರು ಕುಡಿದು, ಸ್ವಲ್ಪ ಹೊತ್ತು ಕೂತು, ಮೊದಲಿನಿಂದ ಹೊರಡಬೇಕು.

“ಎಲ್ಲಿಗೆ ಅಂತ ಕೇಳಿ ಕಾಲಿಗೆ ಅಡ್ಡ ಹಾಕ್ಬ್ಯಾಡ್ರೋ. ದೂರವಾ ಅನ್ನಿ, ಸಾಕು. ದೂರ ಅಂದ್ರೆ ಬುತ್ತಿ ಕಟ್ಕೊಡಿ, ಹತ್ರ ಅಂದ್ರೆ ಸುಮ್ಕಿರಿ.”

ಅಪ್ಪನಿಗೆ ಇದು ಸಂಕಟದ ವಿಷಯವಾಯಿತು. ಅವರು ಆತಂಕದ ಪ್ರಾಣಿ. ಮನೆಯವರು ಯಾವ ಹೊತ್ತಿನಲ್ಲಿ ಎಲ್ಲಿದ್ದಾರೆಂದು ಗೊತ್ತಿರದಿದ್ದರೆ ಕಚೇರಿಯಲ್ಲಿ ಅವರ ಪೆನ್ನು ಓಡುತ್ತಿರಲಿಲ್ಲ. ಬಾಯಿ ಬಿಟ್ಟು ಕೇಳುವಂತಿಲ್ಲ, ಕೇಳದೆ ಇರುವಂತಿಲ್ಲ. ಒಂದು ಭಾನುವಾರ ಅವರು ಎಲ್ಲಿಂದಲೋ ಒಂದು ಸಣ್ಣ ಕರಿಹಲಗೆ ತಂದು ಬಾಗಿಲ ಪಕ್ಕ ಮೊಳೆ ಹೊಡೆದು ತೂಗುಹಾಕಿದರು.

“ಇದೇನ್ಲಾ ಇದು, ಮನೆ ಬಾಗ್ಲಿಗೆ ಇಸ್ಕೂಲು?”

“ಕೇಳಿದ್ರೆ ತಾನೆ ಅವ್ವ ಅಪಶಕುನ? ಓದಿದ್ರೆ ಅಲ್ವಲ್ಲ.”

“ಅದೇನ್ ಬರ್ಸ್ತೀಯೋ ಬರ್ಸು. ಬಾಯಲ್ಲಿ ಮಾತ್ರ ಕೇಳ್ಬ್ಯಾಡ ಕಣ್ಲಾ.”

ಅಂದಿನಿಂದ ನಮ್ಮ ಮನೆಗೆ ಹೆಡ್‌ಕ್ವಾರ್ಟರ್ಸ್ ಎಂದು ಹೆಸರಾಯಿತು. ಅಪ್ಪ ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ, ಆ ದಿನ ಯಾರು ಎಲ್ಲಿಗೆ ಹೋಗುವುದಿದ್ದರೂ ಹಲಗೆಯ ಮೇಲೆ ಇಂಗ್ಲಿಷಿನಲ್ಲಿ, ತಪ್ಪಿಲ್ಲದೆ ಬರೆದಿರಬೇಕು. ಅಪ್ಪ ಓದಿ ಕೆಳಗೆ ಸಹಿ ಹಾಕುವರು. ಸಹಿ ಬಿದ್ದರೆ ಹೋಗಬಹುದು. ತಪ್ಪಿದ್ದರೆ ಅಳಿಸಿ ಮತ್ತೆ ಬರೆಯಬೇಕು. ಅಪ್ಪ ಹೊರಟ ಮೇಲೆ ನೆನಪಾದ ಯಾವ ಕೆಲಸವೂ ಕೆಲಸವಲ್ಲ. ಶಾಲೆಗೂ ನೀರಿನ ಬಾವಿಗೂ ಕಾಯಂ ಮಂಜೂರಾತಿ ಇತ್ತು. ಅಜ್ಜಿ ಜಗಲಿ ಬಿಟ್ಟು ಇಳಿಯುತ್ತಿರಲಿಲ್ಲವಾದ್ದರಿಂದ ಆಕೆಗೆ ವಿನಾಯಿತಿ. ಉಳಿದದ್ದು ಅಮ್ಮ ಮತ್ತು ನಾನು. ಅಮ್ಮನಿಗೆ ಇಂಗ್ಲಿಷು ಬಾರದು, ಆದ್ದರಿಂದ ಅವಳ ಪರವಾಗಿಯೂ ನಾನೇ ಬರೆಯಬೇಕಿತ್ತು. ಹಿಟ್ಟಿನ ಗಿರಣಿಗೆ, ಬಳೆ ಅಂಗಡಿಗೆ, ಪಕ್ಕದ ಬೀದಿಯ ಬಾಣಂತಿಯನ್ನು ನೋಡಲು ನಮ್ಮಮ್ಮ ನನ್ನ ಇಂಗ್ಲಿಷಿನ ಮೇಲೆ ಹತ್ತಿ ಹೋಗಬೇಕಿತ್ತು. ಅದು ಎಷ್ಟೋ ದಿನ ದಾರಿಯಲ್ಲಿ ಕೆಟ್ಟು ನಿಲ್ಲುತ್ತಿತ್ತು. ಬಾಣಂತಿಯನ್ನು ನೋಡಲು ಹೋಗುವಷ್ಟರಲ್ಲಿ ಮಗು ನಡೆಯುತ್ತಿದ್ದ ಉದಾಹರಣೆಯೂ ಇದೆ.

ನನ್ನದೇ ಗಾಡಿ ಕೆಟ್ಟು ನಿಂತ ದಿನವನ್ನು ಹೇಳಬೇಕು. ಶಾಲೆಯಿಂದ ಶಿರಾದ ಕೋಟೆ ನೋಡಲು ಎಲ್ಲರನ್ನೂ ಬಸ್ಸಿನಲ್ಲಿ ಕರೆದೊಯ್ಯುವುದೆಂದಾಯಿತು. ನಾನು ಅಲ್ಲಿಯವರೆಗೆ ಶಿರಾ ನೋಡಿರಲಿಲ್ಲ. ನೋಡಿದ್ದು ಬೆಟ್ಟದ ಬೆನ್ನು ಮಾತ್ರ. ಬಸ್ಸು ನಮ್ಮ ಬೀದಿಯ ತುದಿಯಲ್ಲಿ ಬಂದು ನಿಲ್ಲುತ್ತದೆಂದು ಮೇಷ್ಟ್ರು ಹೇಳಿದ್ದರು. ನಾನು ಲಂಗ ಉಟ್ಟು, ತಲೆಗೆ ಕನಕಾಂಬರ ಮುಡಿದು, ಚಿತ್ರಾನ್ನದ ಡಬ್ಬಿ ಹಿಡಿದು ಹಲಗೆಯ ಮುಂದೆ ನಿಂತೆ. ಅಪ್ಪ ಅರ್ಧ ಗಡ್ಡ ಹೆರೆದುಕೊಂಡು, ಇನ್ನರ್ಧಕ್ಕೆ ಸೋಪಿನ ನೊರೆ ಹಚ್ಚಿಕೊಂಡು ಬಂದರು.

“ಓದು.”

“ವಿಲ್ ರೀಚ್ ಟು ಶಿರಾ...”

“ಇನ್ನೊಂದ್ಸಲ ಓದು.”

ದನಿ ಸಾಲದಾಯಿತೇನೋ ಎಂದುಕೊಂಡು ಗಟ್ಟಿಯಾಗಿ ಓದಿದೆ.

“ನಿನ್ನ ಬಸ್ಸು ಆ ‘ಟು’ ಹತ್ರಾನೇ ಕೆಟ್ಟು ನಿಂತಿದೆಯಮ್ಮ. ಇಳಿದು ತಳ್ಳು.”

ಬೀದಿಯ ತುದಿಯಿಂದ ಹಾರನ್ನು ಕೇಳಿಸಿತು. ಗಾಬರಿಯಲ್ಲಿ ನಾನು ‘ಟು’ವನ್ನು ಬಿಟ್ಟು ಬೇರೆಲ್ಲವನ್ನೂ ತಿದ್ದಿದೆ. ಅಪ್ಪ ಶಾಂತವಾಗಿ ಇನ್ನರ್ಧ ಗಡ್ಡ ಮುಗಿಸಿದರು. ಒಳಗಿನಿಂದ ಅಮ್ಮ ಬಂದಳು. ಪಾವಗಡದ ಕಡೆಯವಳಾದ ಅವಳಿಗೆ ಕೋಪ, ಅಳು, ಗಾಬರಿ ಮೂರೂ ತೆಲುಗಿನಿಂದಲೇ ಶುರುವಾಗುತ್ತಿದ್ದವು.

“ಪೋನೀಂಡಿ, ಬಿಟ್ಬಿಡಿ. ಮಗು ಅದು. ಬಸ್ಸು ಹೋದ್ರೆ ಮತ್ತೆ ಬರ್ತದಾ?”

“ಬಸ್ಸು ಹೋದ್ರೆ ಇನ್ನೊಂದು ಬರುತ್ತೆ. ತಪ್ಪು ಒಂದ್ಸಲ ಕೈಗೆ ಬಂದ್ರೆ ಹೋಗಲ್ಲ.”

ವಾಕ್ಯ ಸರಿಹೋಯಿತು, ಸಹಿಯೂ ಬಿತ್ತು. ನಾನು ಡಬ್ಬಿ ಹಿಡಿದು ಓಡುವಾಗ ಬಸ್ಸು ಎಬ್ಬಿಸಿದ ಧೂಳು ಇನ್ನೂ ನೆಲಕ್ಕೆ ಇಳಿದಿರಲಿಲ್ಲ. ಆ ದಿನ ವಾಕ್ಯ ಶಿರಾ ತಲುಪಿತು, ನಾನು ತಲುಪಲಿಲ್ಲ. ಚಿತ್ರಾನ್ನವನ್ನು ಜಗಲಿಯ ಮೇಲೆ ಅಜ್ಜಿಯ ಜೊತೆ ಕೂತು ಉಂಡೆ. ಅಜ್ಜಿ ಅದಕ್ಕೆ ಉಪ್ಪು ಕಮ್ಮಿ ಎಂದಳು. ನನಗೆ ಹಾಗನ್ನಿಸಲಿಲ್ಲ, ಮೂಗಿನ ತುದಿಯಿಂದ ಸಾಕಷ್ಟು ಉಪ್ಪು ಬೀಳುತ್ತಿತ್ತು.

ಸೆರೆಯಲ್ಲಿರುವವರು ಗೋಡೆಯನ್ನು ನೋಡಿ ನೋಡಿ ಅದರ ಬಿರುಕನ್ನು ಕಂಡುಕೊಳ್ಳುತ್ತಾರೆ. ನಾನು ಕಂಡುಕೊಂಡದ್ದು ಇಷ್ಟು: ಅಪ್ಪ ವಾಕ್ಯವನ್ನು ಓದುತ್ತಿದ್ದರು, ಪ್ರಯಾಣವನ್ನಲ್ಲ. ಕಚೇರಿಯಲ್ಲಿ ಅವರ ಕೆಲಸವೇ ಅದು. ಊರಿನ ಹೆಸರು ಸಾಹೇಬರ ಜವಾಬ್ದಾರಿ, ಕ್ರಿಯಾಪದ ತಮ್ಮದು ಎನ್ನುತ್ತಿದ್ದರು. ಇದನ್ನು ಪರೀಕ್ಷಿಸಬೇಕೆನ್ನಿಸಿ ಒಂದು ಬೆಳಿಗ್ಗೆ, ಹೋಗಿ ಬಂದಾಯಿತೆಂಬ ಟೂರ್ ಡೈರಿಯ ಧಾಟಿಯಲ್ಲೇ, ‘ಲೆಫ್ಟ್ ಫಾರ್ ಲಂಡನ್ ವಯಾ ಕೊರಟಗೆರೆ. ರಿಟರ್ನ್ಡ್ ಟು ಹೆಡ್‌ಕ್ವಾರ್ಟರ್ಸ್ ಬೈ ಈವ್ನಿಂಗ್’ ಎಂದು ಬರೆದೆ. ಅಪ್ಪ ಒಂದು ಕಣ್ಣು ಗಡಿಯಾರದ ಮೇಲೆ, ಇನ್ನೊಂದು ಹಲಗೆಯ ಮೇಲೆ ಇಟ್ಟು ಓದಿದರು. ‘ಫಾರ್’ ಇರಬೇಕಾದಲ್ಲಿ ‘ಫಾರ್’ ಇತ್ತು, ‘ಟು’ ಇರಬೇಕಾದಲ್ಲಿ ‘ಟು’. “ಭೇಷ್” ಎಂದು ಸಹಿ ಹಾಕಿ ಹೊರಟುಹೋದರು. ನಾನು ಲಂಡನ್ನಿನ ಬದಲು ಗೆಳತಿಯ ಹಿತ್ತಿಲ ಸೀಬೆ ಮರಕ್ಕೆ ಹೋಗಿ ಬಂದೆ. ಅಡುಗೆಮನೆಗೆ ನುಗ್ಗಿ ಅಮ್ಮನಿಗೆ ಈ ದಿಗ್ವಿಜಯವನ್ನು ವರದಿ ಮಾಡಿದರೆ ಅವಳು ನಗಲಿಲ್ಲ. ಮುದ್ದೆ ತೊಳಸುತ್ತಿದ್ದ ಕೋಲು ಮಾತ್ರ ನಿಂತಿತು.

“ಸಹಿ ಹಾಕಿದ್ರಾ?” ಎಂದಳು.

“ಹೂಂ, ಭೇಷ್ ಅಂತಾನೂ ಅಂದ್ರು.”

ಕೋಲು ಮತ್ತೆ ತಿರುಗತೊಡಗಿತು.

ಅಮ್ಮ ಆಗ ಎಷ್ಟೋ ವರ್ಷದಿಂದ ತವರು ಕಂಡಿರಲಿಲ್ಲ. ಅದಕ್ಕೆ ಕಾರಣ ಅಪ್ಪ ಮಾಡಿದ ಒಂದು ಉಪಕಾರ. ಅಮ್ಮನಿಗೆ ಒಬ್ಬನೇ ತಮ್ಮ, ರಾಮಾಂಜಿ ಮಾವ. ಪಾವಗಡದಲ್ಲಿ ಸೈಕಲ್ ಶಾಪ್ ಇಟ್ಟಿದ್ದ. ಅವನಿಗೆ ಮದುವೆ ಗೊತ್ತಾದಾಗ, ಲಗ್ನಪತ್ರಿಕೆಯ ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ಇಂಗ್ಲಿಷು ಹಾಕಿಸಿ, ಅರಿಶಿನ ಹಚ್ಚಿ, ಮೊದಲ ಪತ್ರಿಕೆಯನ್ನು ಭಾವನಿಗೇ ಕಳಿಸಿದ. ಅಪ್ಪ ಇಂಗ್ಲಿಷಿನ ಮಗ್ಗುಲನ್ನು ಓದಿದರು. ಅವರ ಮುಖದಲ್ಲಿ ಬಂಧುವೊಬ್ಬರು ಗಾಡಿಯ ಚಕ್ರಕ್ಕೆ ಸಿಕ್ಕಿದ್ದನ್ನು ಕಂಡವರ ನೋವು ಮೂಡಿತು. ಕೆಂಪು ಶಾಯಿಯ ಪೆನ್ನು ತೆಗೆದು ಪತ್ರಿಕೆಯ ಉದ್ದಕ್ಕೂ ತಿದ್ದಿದರು. ಅಂಚಿನಲ್ಲಿ ‘ರಿಟರ್ನ್ಡ್ ಆಫ್ಟರ್ ಕರೆಕ್ಷನ್’ ಎಂದು ಬರೆದು, ಸಹಿ ಹಾಕಿ, ಮರುಟಪಾಲಿಗೇ ಕಳಿಸಿದರು. ಕಚೇರಿಯಲ್ಲಿ ಇದಕ್ಕಿಂತ ಹೆಚ್ಚಿನ ಪ್ರೀತಿಯನ್ನು ಯಾರೂ ಯಾರಿಗೂ ತೋರಿಸುವುದಿಲ್ಲ. ಆದರೆ ಲೋಕದಲ್ಲಿ ಅರಿಶಿನ ಹಚ್ಚಿದ ಪತ್ರಿಕೆಯನ್ನು ತಿರುಗಿಸಿ ಕಳಿಸುವುದಕ್ಕೆ ಒಂದೇ ಅರ್ಥ: ನಿಮ್ಮ ನಮ್ಮ ಸಂಬಂಧ ಇಲ್ಲಿಗೆ ಸಾಕು. ‘ಪತ್ರಿಕೆ ತಿರುಗಿಸಿದೋರ ಹೊಸಿಲು ನಾನು ತುಳಿಯಲ್ಲ’ ಎಂದು ಮಾವನಿಂದ ಬಾಯಿಮಾತಿನ ಉತ್ತರ ಬಂತು.

ಮಾವ ಹೊಸಿಲು ತುಳಿಯದಿದ್ದರೆ ಅಮ್ಮ ಹೊಸಿಲು ದಾಟುವಂತಿಲ್ಲ. ಇದು ಅಜ್ಜಿಯ ಎರಡನೆಯ ಕಾನೂನು, ಅಜ್ಜಿಯದಷ್ಟೇ ಅಲ್ಲ, ಆ ಕಾಲದ ಎಲ್ಲ ಅಜ್ಜಿಯರದು: ಕೊಟ್ಟ ಹೆಣ್ಣು ತವರಿಗೆ ತಾನಾಗಿ ಹೋಗುವುದಿಲ್ಲ, ತವರಿನಿಂದ ಯಾರಾದರೂ ಬಂದು ಕರೆದೊಯ್ಯಬೇಕು. ಹಾಗೆಯೇ ವಾಪಸು ಕರೆತರಲು ಗಂಡನ ಮನೆಯವರು ಹೋಗಬೇಕು. ಒಬ್ಬಳೇ ಹೋಗಿ ಬರುವುದು ಬಿಟ್ಟ ಹೆಣ್ಣಿನ ಲಕ್ಷಣ. ಮಾವನ ಮದುವೆಯ ದಿನ ಅಮ್ಮ ಮನೆಯಲ್ಲಿ ಒಬ್ಬಟ್ಟು ಮಾಡಿದಳು. ನಮಗೆಲ್ಲ ಬಡಿಸಿದ ಮೇಲೆ ತಾನು ಹಿತ್ತಿಲ ಬಾಗಿಲಲ್ಲಿ ಬಂಡೆಯ ಕಡೆ ಮುಖ ಮಾಡಿ ಕೂತು ಮಜ್ಜಿಗೆ ಅನ್ನ ಉಂಡಳು. ಪಾವಗಡ ಇರುವುದು ಬಂಡೆಯ ಆಚೆಗೆ.

“ಒಬ್ಬಟ್ಟು ಯಾಕಿವತ್ತು? ಹಬ್ಬಾನಾ?” ಎಂದರು ಅಪ್ಪ.

“ಬೇಳೆ ಮಿಕ್ಕಿತ್ತು” ಎಂದಳು ಅಮ್ಮ.

ಕಚೇರಿಯ ಜೀಪಿನ ಡ್ರೈವರ್ ಬಾಷಾ ಸಾಬರು ಶಿರಾದವರು. ಅಪ್ಪ ಮರೆತು ಬಂದ ಕೊಡೆಯನ್ನೋ ಊಟದ ಡಬ್ಬಿಯನ್ನೋ ತಲುಪಿಸಲು ನಮ್ಮ ಮನೆಗೆ ಬರುತ್ತಿದ್ದರು, ನಾಲ್ಕು ತಾಲ್ಲೂಕುಗಳ ಸುದ್ದಿಯನ್ನೂ ಇಳಿಸಿ ಹೋಗುತ್ತಿದ್ದರು. ಲಂಡನ್ ಯಾತ್ರೆ ಮುಗಿದು ಕೆಲವು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಅವರು ಜಗಲಿಯ ಕೆಳಗೆ ನಿಂತು ಅಮ್ಮನನ್ನು ಕರೆದರು.

“ಅಕ್ಕಾ, ನಿಮ್ಮ ತಮ್ಮಂಗೆ ಬಚ್ಚಿ ಹುಟ್ಟೈತೆ, ಗೊತ್ತಲ್ಲ. ಹಾಲಿನಂಗೈತೆ. ಆದ್ರೆ ಹೆಸರಿಲ್ಲ.”

“ಏಮಿಟೀ? ಇನ್ನೂ ಹೆಸರಿಟ್ಟಿಲ್ವಾ? ಕೂಸು ಬೋರಲು ಬೀಳೋ ಹೊತ್ತಾಯ್ತಲ್ಲ!”

“ನಿಮ್ಮಲ್ಲಿ ಸೋದರತ್ತೆ ಬಂದು ಕಿವೀಲಿ ಹೇಳ್ಬೇಕಂತಲ್ಲ. ಇರೋದೊಂದೇ ಸೋದರತ್ತೆ, ಅದು ಮಧುಗಿರೀಲಿ ಕೂತೈತೆ. ಬೇರೆ ಯಾರ್ನಾದ್ರೂ ಕರ್ಸಪ್ಪ ಅಂದ್ರೆ ನಿಮ್ಮ ತಮ್ಮ ಒಪ್ಪಲ್ಲ. ನಮ್ಮಕ್ಕ ಇಟ್ರೇ ಹೆಸ್ರು, ಇಲ್ಲಾಂದ್ರೆ ಹಂಗೇ ಇರ್ಲಿ ಅಂತಾನೆ.”

“ಅಂಗಾದ್ರೆ ಬಂದು ಕರ್ಕೊಂಡು ಹೋಗ್ಲಿ ಅನ್ನಿ ಅವನ್ನ!”

“ಅದೂ ಅಂದೆ. ಆ ಹೊಸಿಲು ತುಳಿಯಲ್ಲ ಅಂತಾನೆ. ಕ್ಯಾ ಕರ್ನಾ ಅಕ್ಕಾ? ರೋಡು ಕೆಟ್ಟಿದ್ರೆ ಜೀಪು ಹೋಗ್ತದೆ, ಜಿದ್ದಿದ್ರೆ ಹೋಗಲ್ಲ.”

ಪರಿಸ್ಥಿತಿ ಹೀಗಿತ್ತು. ಮಾವ ಬಾರದೆ ಅಮ್ಮ ಹೋಗುವಂತಿಲ್ಲ. ಅಮ್ಮ ಹೋಗದೆ ಕೂಸಿಗೆ ಹೆಸರಿಲ್ಲ. ಅಪ್ಪ ಪತ್ರಿಕೆ ತಿರುಗಿಸಿದ್ದರಿಂದ ಮಾವ ಬರುವಂತಿಲ್ಲ. ತಾವು ಮಾಡಿದ್ದು ತಪ್ಪು ಎಂದು ಅಪ್ಪನಿಗೆ ಹೇಳುವವರಿಲ್ಲ, ಏಕೆಂದರೆ ತಿದ್ದುಪಡಿಯಲ್ಲಿ ತಪ್ಪಿರಲಿಲ್ಲ. ಇಷ್ಟು ದೊಡ್ಡವರ ನಡುವೆ ಸಿಕ್ಕಿಕೊಂಡ ಆ ಕೂಸನ್ನು ಎಲ್ಲರೂ ‘ಪಾಪ, ಪಾಪ’ ಎಂದು ಕರೆಯುತ್ತಿದ್ದರಂತೆ. 

ಆ ಸಂಜೆ ಅಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಸಿಪ್ಪೆಯನ್ನು ಬಟ್ಟಲಿಗೂ ಕಾಳನ್ನು ಕಸಕ್ಕೂ ಹಾಕುತ್ತಿದ್ದುದನ್ನು ಕಂಡು ನಾನು ಕೈ ಹಿಡಿದೆ. ಅವಳು ನನ್ನ ಮುಖ ನೋಡಿದಳು.

“ಲಂಡನ್‌ಗೆ ಸಹಿ ಹಾಕಿದ್ರು ಅಂದ್ಯಲ್ಲ ಸರೋಜಾ. ಪಾವಗಡ ಲಂಡನ್‌ಗಿಂತ ಹತ್ರ ಅಲ್ವಾ?”

ಆಮೇಲೆ ಅವಳು ಜಗಲಿಗೆ ಹೋಗಿ ಅಜ್ಜಿಯ ಪಕ್ಕ ನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

“ಅತ್ತೆ, ಕರ್ಯೋಕೆ ಯಾರೂ ಬಂದಿಲ್ಲ. ಆದ್ರೂ ನಾನು...”

ಅಜ್ಜಿ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಲಿಲ್ಲ.

“ಹೆಸ್ರಿಲ್ದಿರೋ ಕೂಸು ಕರೀತಾ ಕುಂತೈತೆ, ಇನ್ಯಾರು ಬರ್ಬೇಕು ಕಣವ್ವ? ನಂಗೇನೂ ಹೇಳ್ಬ್ಯಾಡ. ಎಲ್ಲಿಗೆ ಅಂತ ನಾನೂ ಕೇಳಲ್ಲ.” ಸ್ವಲ್ಪ ಹೊತ್ತು ಕುಟ್ಟಿದ ಮೇಲೆ ಕೇಳಿದಳು: “ದೂರವಾ?”

“ದೂರ, ಅತ್ತೆ.”

“ಅಂಗಾದ್ರೆ ಬುತ್ತಿ ಕಟ್ಕ.”

ಮರುದಿನ ಬೆಳಿಗ್ಗೆ ಹಲಗೆಯ ಮುಂದೆ ನಿಂತು ಸೀಮೆಸುಣ್ಣದ ತುದಿಯನ್ನು ಗೋಡೆಗೆ ಉಜ್ಜಿ ಚೂಪು ಮಾಡಿಕೊಂಡೆ. ಶಿರಾ ತಪ್ಪಿದ್ದು ನನ್ನ ಪಾಲಿಗೆ ಮಾತ್ರ. ಇಂದು ಒಂದಕ್ಷರ ತಪ್ಪಿದರೆ ಅಮ್ಮನ ಬಸ್ಸು ತಪ್ಪುತ್ತದೆ, ಅಪ್ಪನ ಕಣ್ಣು ವಾಕ್ಯದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ, ನಿಂತ ಕಣ್ಣು ಊರಿನ ಹೆಸರನ್ನು ಕಾಣುತ್ತದೆ. ಒಳಗೆ ಅಮ್ಮ ಎಂದಿನಂತೆ ರೊಟ್ಟಿ ತಟ್ಟುತ್ತಿದ್ದಳು, ಆದರೆ ಒಲೆಯ ಹಿಂದೆ ಬಟ್ಟೆಯ ಗಂಟು ಸಿದ್ಧವಾಗಿತ್ತು. ಬರೆದೆ: ‘ಲೆಫ್ಟ್ ಮಧುಗಿರಿ ಫಾರ್ ಪಾವಗಡ ಬೈ ಬಸ್. ಹಾಲ್ಟೆಡ್ ಅಟ್ ಪಾವಗಡ.’ ಅಪ್ಪ ಬಂದರು, ಓದಿದರು, ಸೀಮೆಸುಣ್ಣ ಎತ್ತಿದರು, ಇಳಿಸಿದರು.

“ರಿಟರ್ನ್ ಎಲ್ಲಿ?”

ನಾನು ಅಡುಗೆಮನೆಯ ಕಡೆ ನೋಡಿದೆ.

“ಹೊರಟಿದ್ದಿದೆ, ನಿಂತಿದ್ದಿದೆ, ವಾಪಸ್ ಬಂದಿದ್ದಿಲ್ಲ. ಇಂಥ ಡೈರಿ ಮೇಲಕ್ಕೆ ಕಳಿಸಿದ್ರೆ ಸಾಹೇಬ್ರು ಎಲ್ಲೋ ಕಳೆದುಹೋದ್ರು ಅಂತಾರಮ್ಮ.”

ಅಡುಗೆಮನೆಯಿಂದ ಅಮ್ಮನ ದನಿ ಬಂತು. ರೊಟ್ಟಿ ತಟ್ಟುವ ಸದ್ದು ನಿಂತಿರಲಿಲ್ಲ.

“ಬರೋದನ್ನ ಬಂದ್ಮೇಲೆ ತಾನೆ ಬರಿಯೋದು?”

ಅಪ್ಪ ಯೋಚಿಸಿದರು. ಸಂಜೆಗೇ ಮರಳುವುದಾದರೆ ಸರಿ, ಹಾಲ್ಟ್ ಇದ್ದ ಟೂರಿನಲ್ಲಿ ಮರಳಿದ್ದನ್ನು ಮುಂಚೆಯೇ ಬರೆಯುವುದು ಅವರ ಪ್ರಕಾರ ಮಹಾಪಾತಕ. “ಅದೂ ಸರಿ” ಎಂದು ಸಹಿ ಹಾಕಿ, ಕೊಡೆ ತೆಗೆದುಕೊಂಡು ಹೊರಟರು. ಪಾವಗಡ ಎಂಬ ಹೆಸರಿನ ಎದುರು ಅವರು ಒಂದು ಕ್ಷಣ ನಿಂತರೆಂದು ನನಗೆ ಆಗ ಅನ್ನಿಸಿತ್ತು. ಭಯದಿಂದ ಹಾಗನ್ನಿಸಿತೋ, ನಿಜವಾಗಿ ನಿಂತರೋ, ಮುಂದೆ ಕೇಳಬೇಕೆಂದಾಗಲೆಲ್ಲ ಕೇಳಲಾಗಲಿಲ್ಲ. ನಮ್ಮ ಮನೆಯಲ್ಲಿ ಕೇಳುವ ಪದ್ಧತಿ ಇರಲಿಲ್ಲ.

ಸಂಜೆ ಬಂದ ಅಪ್ಪ ಕೊಡೆ ಮೂಲೆಗಿಟ್ಟು, ಕಾಫಿ ಬಾರದಿರುವುದನ್ನು ಗಮನಿಸಿ, ಮನೆಯೊಳಗೆ ಒಂದು ಸುತ್ತು ಬಂದರು. ಅಷ್ಟು ಸಣ್ಣ ಮನೆಯಲ್ಲಿ ಒಬ್ಬರು ಇಲ್ಲದಿರುವುದು ಕಾಣಲು ಒಂದು ಸುತ್ತು ಬೇಕಿರಲಿಲ್ಲ.

“ಅವ್ವ, ಇವಳೆಲ್ಲಿ?”

“ಎಲ್ಲಿ ಅಂತ ಕೇಳ್ಬ್ಯಾಡ ಕಣ್ಲಾ. ಬರ್ದೈತೆ, ಓದ್ಕ.”

ಅಪ್ಪ ಹಲಗೆಯ ಮುಂದೆ ನಿಂತು ತಮ್ಮ ಸಹಿಯನ್ನು ತಾವೇ ಓದಿದರು. ಆಮೇಲೆ ಸಹಿಯ ಮೇಲಿದ್ದದ್ದನ್ನು, ಬಹುಶಃ ಮೊದಲ ಬಾರಿಗೆ, ಊರಿನ ಹೆಸರಿನ ಸಮೇತ ಓದಿದರು. ಅವರು ಕೂಗಾಡುತ್ತಾರೆಂದು ನಾನು ಅಜ್ಜಿಯ ಬೆನ್ನಿನ ಹಿಂದೆ ಸರಿದೆ. ಕೂಗಾಡಲಿಲ್ಲ. ತಾವೇ ಮಂಜೂರು ಮಾಡಿದ್ದನ್ನು ಅಲ್ಲಗಳೆಯುವುದು ಅವರ ಸೇವಾವಧಿಯಲ್ಲಿ ನಡೆದಿರಲಿಲ್ಲ.

ಅಮ್ಮನಿಲ್ಲದ ಆ ದಿನಗಳಲ್ಲಿ ಹಲಗೆಯನ್ನು ಯಾರೂ ಅಳಿಸಲಿಲ್ಲ. ಬೆಳಿಗ್ಗೆ ಅಪ್ಪ ಅದರ ಮುಂದೆ ಬಂದು ನಿಲ್ಲುವರು, ‘ಹಾಲ್ಟೆಡ್ ಅಟ್ ಪಾವಗಡ’ ಎಂಬಲ್ಲಿಗೆ ಓದು ಮುಗಿಯುವುದು, ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿ ಹೊರಟುಹೋಗುವರು. ಅಳಿಸದ ಹಲಗೆಯಲ್ಲಿ ಬರೆಯಲು ಜಾಗವಿಲ್ಲ, ಬರೆಯದೆ ಹೋಗುವಂತಿಲ್ಲ. ಶಾಲೆ ಬಿಟ್ಟರೆ ನನಗೆ ಹೆಡ್‌ಕ್ವಾರ್ಟರ್ಸೇ ಗತಿ. ಅಮ್ಮನನ್ನು ಬಿಡಿಸಿ ಕಳಿಸಿದ ವಾಕ್ಯದ ಒಳಗೆ ನಾನು ಸಿಕ್ಕಿಬಿದ್ದಿದ್ದೆ. ಅಜ್ಜಿ ಕೂತಲ್ಲಿಂದ ಹೇಳಿದಂತೆ ನಾನು ಮುದ್ದೆ ತೊಳಸುತ್ತಿದ್ದೆ. ಮುದ್ದೆಯೊಳಗೆ ಹಿಟ್ಟಿನ ಗಂಟುಗಳು ಕಡಲೆಕಾಯಿಯಂತೆ ಸಿಗುತ್ತಿದ್ದವು. ಜೀವಮಾನದಲ್ಲಿ ಒಂದು ತಪ್ಪನ್ನೂ ಬಿಡದ ಅಪ್ಪ ಆ ಗಂಟುಗಳನ್ನು ಮಾತಿಲ್ಲದೆ ನುಂಗುತ್ತಿದ್ದರು. ಅದನ್ನು ನೋಡಲು ನನಗಾಗುತ್ತಿರಲಿಲ್ಲ. ಬೈದಿದ್ದರೆ ಹಾಯೆನಿಸುತ್ತಿತ್ತು.

ಕೊನೆಗೆ ಬಾಷಾ ಸಾಬರು ಒಂದು ಸಂಜೆ ಪಾವಗಡದಿಂದ ಬಂದರು. ಅಪ್ಪ ಜಗಲಿಯ ಮೇಲಿದ್ದರು. ಸಾಬರು ಜೇಬಿನಿಂದ ಒಂದು ಕಾರ್ಡು ತೆಗೆದರು. ತೊಟ್ಟಿಲು ಶಾಸ್ತ್ರದ ಕಾರ್ಡು. ಮಾವ ಈ ಸಲವೂ ಇಂಗ್ಲಿಷು ಬಿಟ್ಟಿರಲಿಲ್ಲ, ಕೆಳಗೆ ಎರಡು ಸಾಲು ಹಾಕಿಸಿದ್ದ.

“ಅಕ್ಕ ಹೇಳಿ ಕಳ್ಸೈತೆ ಸಾಬ್. ಒಬ್ಳೇ ಬಂದಿದ್ದಾಯ್ತು, ಒಬ್ಳೇ ವಾಪಸ್ ಬರಲ್ಲ. ಕರ್ಕೊಂಡು ಹೋಗೋಕೆ ಅವ್ರು ಬರ್ಲಿ, ಅವ್ರು ಬಂದ್ಮೇಲೇ ಕೂಸಿಗೆ ಹೆಸ್ರು ಅಂತ. ನಿಮ್ಮ ಬಾಮೈದಾನೂ ಒಪ್ದ. ಬರ್ಲಿ, ಪೆನ್ನು ಮಾತ್ರ ಮನೇಲಿಟ್ಟು ಬರ್ಲಿ ಅಂದ.”

ಅಪ್ಪ ಕಾರ್ಡನ್ನು ಓದತೊಡಗಿದರು. ನಾನು ಅವರ ಹೆಗಲ ಮೇಲಿನಿಂದ ನೋಡಿದೆ. ನನಗೇ ಎರಡು ತಪ್ಪು ಕಂಡವು. ಅವರ ಬಲಗೈ ತಾನಾಗಿ ಎದ್ದು ಅಂಗಿಯ ಜೇಬಿನ ಕೆಂಪು ಪೆನ್ನಿನ ಕಡೆಗೆ ಹೋಯಿತು, ಜೇಬಿನ ಬಾಯಲ್ಲಿ ನಿಂತಿತು. ಆಮೇಲೆ ಅವರು ಎದ್ದು ಕಾರ್ಡನ್ನು ದೇವರ ಗೂಡಿನಲ್ಲಿಟ್ಟು ಬಂದರು. (ತಪ್ಪು ಇದ್ದದ್ದು ಎರಡಲ್ಲ, ಮೂರು ಎಂದು ಅವರು ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ, ಆ ಕೂಸಿನ ಮದುವೆಯ ಚಪ್ಪರದಲ್ಲಿ, ಕಿವಿಯಲ್ಲಿ.)

“ಬಸ್ಸಲ್ಲಿ ನಂಗಾಗಲ್ಲ ಅವ್ವ, ನಿನಗೇ ಗೊತ್ತು. ಹೊಟ್ಟೆ ತೊಳಸುತ್ತೆ.”

“ಅವ್ಳಿಗೂ ದಿನಾ ನಿನ್ನ ಹಲಗೆ ನೋಡಿ ಹೊಟ್ಟೆ ತೊಳಸ್ತಿತ್ತು. ಸೈಸ್ಕಂಡಿರ್ಲಿಲ್ವೇನ್ಲಾ?”

“ನಾಳೆ ಜೀಪು ಆ ಕಡೀಗೇ ಹೋಗ್ತದೆ ಸಾಬ್” ಎಂದರು ಬಾಷಾ ಸಾಬರು.

“ಸರ್ಕಾರಿ ಜೀಪಲ್ಲಿ ಹೆಂಡ್ತಿ ಕರೆಯೋಕೆ ಹೋದ್ರೆ ಡೈರೀಲಿ ಏನಂತ ಬರೀಲಿ ಬಾಷಾ?”

ಬೆಳಿಗ್ಗೆ ಅಪ್ಪ ಒದ್ದೆ ಬಟ್ಟೆಯಿಂದ ಹಲಗೆ ಒರೆಸಿದರು. ಕಚೇರಿಗೆ ಅಲ್ಲದೆ ಬೇರೆಲ್ಲಿಗೋ ಹೋಗುವ ಅಪ್ಪನನ್ನು ನಾನು ಕಂಡದ್ದು ಅದೇ ಮೊದಲು. ಮಡಿಸಿಟ್ಟ ಗೆರೆ ಕಾಣುವ ಪಂಚೆ ಉಟ್ಟಿದ್ದರು. ಕೆಂಪು ಪೆನ್ನು ಕಿಟಕಿಯ ಮೇಲಿತ್ತು, ಜೇಬಿನಲ್ಲಿ ಅದಿದ್ದ ಕಡೆ ಒಂದು ನಿಂಬೆಹಣ್ಣು ಉಬ್ಬಿಕೊಂಡಿತ್ತು. ಸೀಮೆಸುಣ್ಣ ಹಿಡಿದು ‘ಪ್ರೊಸೀಡ್’ ಎಂದು ಬರೆದು ಅಳಿಸಿದರು, ತಾವು ಸಾಹೇಬರಲ್ಲ. ‘ವಿಸಿಟ್’ ಎಂದು ಬರೆದು ಅಳಿಸಿದರು. ಅದು ತನಿಖೆಗೆ ಹೋಗುವವರ ಮಾತು. ಅಷ್ಟು ಜನರನ್ನು ಅಷ್ಟು ಊರುಗಳಿಗೆ ಸರಾಗವಾಗಿ ಕಳಿಸಿದ ಕೈಗೆ ತನ್ನನ್ನು ಪಾವಗಡಕ್ಕೆ ಕಳಿಸಿಕೊಳ್ಳುವುದು ತಿಳಿಯುತ್ತಿರಲಿಲ್ಲ. ಹಲಗೆ ಬೂದಿ ಬಣ್ಣಕ್ಕೆ ತಿರುಗಿದ ಮೇಲೆ ಕೊನೆಗೆ ಬರೆದರು: ‘ಗೋಯಿಂಗ್ ಟು ಪಾವಗಡ ಟು ಬ್ರಿಂಗ್ ಮೈ ವೈಫ್ ಹೋಮ್.’ ಬರೆದವರು ಪಕ್ಕಕ್ಕೆ ಸರಿದು ಸೀಮೆಸುಣ್ಣವನ್ನು ನನ್ನ ಕಡೆ ಚಾಚಿದರು.

“ನೋಡಮ್ಮ, ಸರಿ ಇದೆಯಾ?”

ನಾನು ಅವರು ಕಲಿಸಿದಂತೆಯೇ ನೋಡಿದೆ.

“ರಿಟರ್ನ್ ಎಲ್ಲಿ?”

“ಬರೋದನ್ನ ಬಂದ್ಮೇಲೆ ತಾನೆ ಬರಿಯೋದು?” ಎಂದರು ಅಪ್ಪ. ಅಮ್ಮನ ಮಾತನ್ನು ಅವರು ಅಕ್ಷರ ಬಿಡದೆ ಇಟ್ಟುಕೊಂಡಿದ್ದರು.

ನಾನು ಸಹಿ ಹಾಕಿದೆ. ಅಪ್ಪ ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಂಡರು. ಅಜ್ಜಿ ಬುತ್ತಿಯ ಗಂಟನ್ನು ಆಗಲೇ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಎಲ್ಲ ಗೊತ್ತಿದ್ದರೂ ಕೇಳಿದಳು.

“ದೂರವೇನ್ಲಾ?”

“ದೂರ ಕಣವ್ವ.”

ಬುತ್ತಿ ಕೈ ಬದಲಾಯಿತು. ನಿಂಬೆಹಣ್ಣನ್ನು ಮೂಗಿಗೆ ಹಿಡಿದುಕೊಂಡು ಅಪ್ಪ ಬೀದಿಯ ತುದಿಗೆ ನಡೆದರು, ಬಸ್ಸು ಇನ್ನೂ ಬರುವ ಮುಂಚೆಯೇ. ಅಂದು ಶಾಲೆಗೆ ರಜೆ. ಅವರು ಮರೆಯಾದ ಸ್ವಲ್ಪ ಹೊತ್ತಿಗೆ ಗೆಳತಿಯರು ಬಂದು ಸೀಬೆ ಮರಕ್ಕೆ ಕರೆದರು.

“ಹೋಗಮ್ಮಿ, ಆಡ್ಕಂಡು ಬಾ. ಯಾರವ್ರೆ ಇಲ್ಲಿ ನಿನ್ನ ಹಿಡಿಯೋರು?” ಎಂದಳು ಅಜ್ಜಿ.

ಹಲಗೆಯಲ್ಲಿ ಕೆಳಗೆ ಬೇಕಾದಷ್ಟು ಜಾಗವಿತ್ತು. ಹೊಸಿಲ ಮೇಲೆ ಒಂದು ಕಾಲಿಟ್ಟುಕೊಂಡು ನಾನು ಬಹಳ ಹೊತ್ತು ನಿಂತೆ. ಬರೆಯಬಹುದಾಗಿತ್ತು, ಆದರೆ ಸಹಿ ಹಾಕುವವರು ಟೂರಿನ ಮೇಲಿದ್ದರು. ಗೆಳತಿಯರು ಕರೆದು ಕರೆದು ಹೊರಟುಹೋದರು. ಹಿಂದಿನಿಂದ ಬಂಡೆ ತನ್ನ ಬಿಸಿ ಉಸಿರು ಬಿಡುವವರೆಗೂ ನಾನು ಅಲ್ಲೇ ಕೂತಿದ್ದೆ. ಬೆಳಿಗ್ಗೆ ಅಪ್ಪನಿಗೇ ಸಹಿ ಹಾಕಿದ ಸೀಮೆಸುಣ್ಣ ನನ್ನ ಕೈಯಲ್ಲೇ ಇತ್ತು ಎಂಬುದು ಹೊಳೆಯುವ ಹೊತ್ತಿಗೆ ನನಗೆ ನಲವತ್ತು ದಾಟಿತ್ತು.